ಸುಡದೆ ಉಳಿದ ಜಾಗ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮತ್ತೆಯ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಮಾಡಿ ತೆಗೆದರು. ಅಲ್ಲಿಗೆ ಮುಗಿಯಿತೆಂದು ನಾವು ಉಸಿರು ಬಿಡುವಷ್ಟರಲ್ಲಿ, ಕ್ಯಾನ್ಸರಿನ ಬೇರು ಉಳಿದಿರಬಹುದು, ಆ ಜಾಗಕ್ಕೆ ದಿನಾ ಎಕ್ಸ್-ರೇ ಬಿಡಬೇಕು ಎಂದರು ಡಾಕ್ಟರು. ನಮ್ಮ ಕಡೆಯ ಜನ ಅದನ್ನು ಕರೆಂಟು ಕೊಡುವುದು ಎನ್ನುತ್ತಿದ್ದರು. ಅಗ್ರಹಾರದ ನಮ್ಮ ಬೀದಿಯಲ್ಲಿ, ನಿಮ್ಮತ್ತೆಯನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಯೇ ಎಂದು ಕೇಳಿದವರೂ ಇದ್ದರು. ಮುಟ್ಟಿ ನೋಡಿ ಎಂದೆ. ಯಾರೂ ಮುಟ್ಟಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಯಜಮಾನರು ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಅತ್ತೆಯನ್ನು ಜಟಕಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಡಾಕ್ಟರು ಅತ್ತೆಯ ಎದೆಯ ಮೇಲೆ ನೇರಳೆ ಶಾಯಿಯಿಂದ ಗೆರೆ ಎಳೆದು, ಇದು ಅಳಿಸಬಾರದು ಎಂದರು. ನರ್ಸು ಬಂದು, ಒಡವೆ ಎಲ್ಲ ತೆಗೆದಿಟ್ಟು ಬನ್ನಿ ಎಂದಳು. ಅತ್ತೆ ಸರ, ಓಲೆ, ಬಳೆ ಎಲ್ಲವನ್ನೂ ಬಿಚ್ಚಿ ನನ್ನ ಮಡಿಲಿಗೆ ಹಾಕಿ ಒಳಗೆ ಹೋದರು. ದಪ್ಪ ಬಾಗಿಲು ಮುಚ್ಚಿತು. ಆ ಬಾಗಿಲಿನ ಆಚೆ ನಾನು ಒಂದು ದಿನವೂ ಹೋಗಲಿಲ್ಲ, ಬಿಡುತ್ತಲೂ ಇರಲಿಲ್ಲ.

ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಚರ್ಮ ಬಿಸಿಲಿಗೆ ಕಂದಿದ ಹಾಗಾಯಿತು, ಕೆಂಪಾಯಿತು, ಕಡೆಗೆ ಕಾವಲಿ ಮೇಲೆ ಸೀದ ರೊಟ್ಟಿಯ ಹಾಗೆ ಕಪ್ಪಿಟ್ಟು ಸಿಪ್ಪೆ ಏಳತೊಡಗಿತು. ಕುಪ್ಪಸ ಬಿಚ್ಚಿ ತೋರಿಸಿದ ದಿನ ನಾನು ಹೌಹಾರಿಬಿಟ್ಟೆ. ಬೆಂಕಿ ಮುಟ್ಟಿಲ್ಲ, ಬಿಸಿನೀರು ಬಿದ್ದಿಲ್ಲ, ಕಣ್ಣಿಗೆ ಕಾಣದ ಏನೋ ಒಂದು ಬಂದು ಮನುಷ್ಯರ ಮೈಯನ್ನು ಹೀಗೆ ಸುಟ್ಟುಹಾಕುತ್ತದೆ ಎಂಬುದನ್ನು ನನ್ನ ಬುದ್ಧಿ ಒಪ್ಪಲಿಲ್ಲ. ಡಾಕ್ಟರಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಇದು ಆಗಬೇಕಾದ್ದೇ, ಆದರೆ ಚರ್ಮ ಒಡೆದು ನೀರು ಸೋರಿದರೆ ಅರ್ಧಕ್ಕೇ ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದರೆ ಬೇರು ಮತ್ತೆ ಚಿಗುರಬಹುದು ಎಂದರು. ಅಂದಿನಿಂದ ಅತ್ತೆಯ ಪ್ರಾಣ ಆ ಒಂದು ಗೇಣು ಚರ್ಮದಲ್ಲಿದೆ ಎಂದೇ ನನಗೆ ಅನ್ನಿಸತೊಡಗಿತು.

ವಿಷಯ ಗೊತ್ತಾದದ್ದೇ ತಡ, ಬೀದಿಗೆ ಬೀದಿಯೇ ವೈದ್ಯಕ್ಕೆ ಇಳಿಯಿತು. ಒಬ್ಬರು ಬೆಣ್ಣೆಗೆ ಅರಿಶಿನ ಕಲಸಿ ಎಂದರು, ಇನ್ನೊಬ್ಬರು ಬೇವಿನ ಎಲೆ ಅರೆದು ಮೆತ್ತಿ ಎಂದರು, ಮತ್ತೊಬ್ಬರು ಸುಣ್ಣದ ತಿಳಿಗೆ ಕೊಬ್ಬರಿ ಎಣ್ಣೆ ಕಡೆದು ಹಚ್ಚಿ ಎಂದರು. ನಾನು ಡಾಕ್ಟರನ್ನೇ ಕೇಳಿದೆ. ಎಣ್ಣೆ, ಅರಿಶಿನ, ಸುಣ್ಣ ಯಾವುದೂ ಕೂಡದು, ತಂಪಿಗೆ ಬೇಕಾದರೆ ಮಧ್ಯಾಹ್ನ ಏನಾದರೂ ತೆಳ್ಳಗೆ ಹಚ್ಚಿಕೊಳ್ಳಿ, ಬೆಳಿಗ್ಗೆ ಇಲ್ಲಿಗೆ ಬರುವಾಗ ಮೈ ಮೇಲೆ ಏನೂ ಇರಬಾರದು ಎಂದರು.

ಕುಂಬಾರಕೊಪ್ಪಲಿನಿಂದ ನಮ್ಮ ಮನೆಗೆ ಹಾಲು ತರುತ್ತಿದ್ದ ಹೆಂಗಸು ಮಾರನೆಯ ದಿನವೇ ಬುಡಸಮೇತ ಲೋಳೆಸರದ ಗಿಡ ತಂದು ಹಿತ್ತಿಲಲ್ಲಿ ನೆಟ್ಟಳು. "ಅವ್ವಾರೆ, ಇದ್ರ ಲೋಳೆ ಅಚ್ಚಿ. ಎಂಥ ಉರಿಯಿದ್ರೂ ಇಳೀತದೆ," ಎಂದಳು. ನಾನು ನನ್ನ ಕಡೆಯಿಂದ ಸಾಣೆಕಲ್ಲಿನ ಮೇಲೆ ಗಂಧ ತೇದೆ. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಗೋಡೆಗೆ ಒರಗಿ ಕೂರುತ್ತಿದ್ದರು. ನಾನು ಹತ್ತಿಯ ಬಟ್ಟೆಯಲ್ಲಿ ಅದ್ದಿ ಅದ್ದಿ, ಶಾಯಿಯ ಗೆರೆಗೆ ತಾಗದಂತೆ, ಒಂದು ದಿನ ಲೋಳೆ, ಒಂದು ದಿನ ಗಂಧ ಹಚ್ಚುತ್ತಿದ್ದೆ.

ಹಾಗೆ ಹಚ್ಚುವಾಗಲೇ ಅದು ನನ್ನ ಕಣ್ಣಿಗೆ ಬಿದ್ದದ್ದು. ಸುತ್ತ ಎಲ್ಲ ಕಪ್ಪಿಟ್ಟ ಚರ್ಮ, ನಡುವೆ ನಿಂಬೆಹಣ್ಣಿನಷ್ಟು ಅಗಲ ಮಾತ್ರ ತಿಳಿಯಾದ, ನುಣುಪಾದ, ಅತ್ತೆಯ ಸ್ವಂತ ಬಣ್ಣದ ಚರ್ಮ. ವಾಸಿಯಾಗುತ್ತಿದೆ ಎಂದು ನಾನು ಕೂಗಿಯೇಬಿಟ್ಟೆ. ಹಾಲಿನವಳು ಅದು ತನ್ನ ಲೋಳೆಸರದ ಗುಣ ಎಂದಳು. ನಾನು ಗಂಧದ ಗುಣ ಎಂದೆ, ತೇದು ತೇದು ರಟ್ಟೆ ಬಿದ್ದುಹೋದವಳು ನಾನು, ಬಿಟ್ಟುಕೊಡುತ್ತೇನೆಯೇ. ಅತ್ತೆ ಮಾತ್ರ ಸಣ್ಣಗೆ ನಕ್ಕರು. ಬೀದಿಯ ಹೆಂಗಸರು ಬಂದು ಬಂದು ನೋಡಿಕೊಂಡು ಹೋದರು. ಇಂಗ್ಲಿಷ್ ವೈದ್ಯ ಸುಟ್ಟದ್ದನ್ನು ನಮ್ಮ ಮದ್ದು ಆರಿಸಿತು ಎಂಬ ಹೆಮ್ಮೆ ಅವರಿಗೂ ಇತ್ತು, ನನಗೂ ಇತ್ತು.

ಆ ಹೆಮ್ಮೆಯನ್ನೇ ಹೊತ್ತುಕೊಂಡು ನಾನು ಡಾಕ್ಟರ ಮುಂದೆ ನಿಂತೆ. ನೋಡಿ, ಗಂಧಕ್ಕೇ ಇಷ್ಟು ವಾಸಿಯಾಗಿದೆ ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಬೆರಳಿನಿಂದ ಅದರ ಅಂಚನ್ನು ಸವರಿ ನೋಡಿದರು.

"ಇಲ್ಲಿ ವಾಸಿಯಾಗಿಲ್ಲಮ್ಮ. ಇಲ್ಲಿಗೆ ಕಿರಣ ಬಿದ್ದೇ ಇಲ್ಲ," ಎಂದರು. "ಈ ಜಾಗದ ಮೇಲೆ ಏನಿತ್ತು?"

ಬಟ್ಟಲುಗಟ್ಟಲೆ ಗಂಧ ತೇದು ನಾನು ಹಚ್ಚಿದ್ದು ಸುಡದೇ ಇದ್ದ ಚರ್ಮಕ್ಕೆ. ಗೆದ್ದೆವೆಂದು ನಾವು ಕುಣಿದಾಡಿದ ಜಾಗವೇ ಔಷಧಿ ತಲುಪದ ಜಾಗ. ಬೇರು ಅಲ್ಲೇ ಇದ್ದರೆ?

ಅತ್ತೆ ನಿಧಾನವಾಗಿ ಸೆರಗಿನೊಳಗಿನಿಂದ, ಕೊರಳಿನ ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯನ್ನು ಈಚೆಗೆ ತೆಗೆದರು. ಅದರೊಳಗೆ ಅವರ ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು. ನಮ್ಮಲ್ಲಿ ಅದನ್ನು ಮೈಯಿಂದ ಬೇರೆ ಮಾಡುವುದೆಂದರೆ ಉಸಿರನ್ನೇ ಬೇರೆ ಮಾಡಿದ ಹಾಗೆ.

"ಒಡವೆ ತೆಗೀರಿ ಅಂದ್ರು, ಎಲ್ಲಾ ತೆಗೆದೆ," ಎಂದರು ಅತ್ತೆ. "ಇದೇನು ಒಡವೆಯೇ?"

ಆಮೇಲೆ ಒಂದೊಂದಾಗಿ ಹೊರಬಿತ್ತು. ಡಾಕ್ಟರು ಗೆರೆ ಎಳೆದ ದಿನ ಕರಡಿಗೆಯನ್ನು ಬೆನ್ನ ಮೇಲಕ್ಕೆ ಸರಿಸಿಕೊಂಡಿದ್ದರಂತೆ. ದಿನಾ ನರ್ಸು ಮೈ ಮೇಲೆ ತೆಳು ಬಟ್ಟೆ ಹೊದಿಸಿ ಹೊರಗೆ ಹೋದ ಮೇಲೆ, ಬಟ್ಟೆಯಡಿಯಲ್ಲೇ ಅದನ್ನು ತಂದು ಗಂಟು ಇದ್ದ ಜಾಗದ ಮೇಲೇ ಸರಿಯಾಗಿ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರಂತೆ. ಕರೆಂಟಿನ ಪಾಡಿಗೆ ಕರೆಂಟು, ಶಿವನ ಪಾಡಿಗೆ ಶಿವ, ಇಬ್ಬರೂ ಸೇರಿ ವಾಸಿಮಾಡಲಿ ಎಂದು. ಬೆಳ್ಳಿ ಅಡ್ಡ ನಿಂತರೆ ಆ ಕಿರಣ ಕೆಳಗೆ ಇಳಿಯುವುದಿಲ್ಲ ಎಂದು ಅವರಿಗೆ ಯಾರು ಹೇಳಿದ್ದರು?

ಅಷ್ಟು ಜಾಗಕ್ಕೆ ಮತ್ತೆ ಮೊದಲಿನಿಂದ ಕೊಡಬೇಕು, ಸುತ್ತ ಸೀಸದ ತಗಡು ಮುಚ್ಚಿ ಕೊಡುತ್ತೇನೆ, ಇದನ್ನು ಮಾತ್ರ ತೆಗೆದಿಟ್ಟು ಬರಬೇಕು ಎಂದರು ಡಾಕ್ಟರು. ಅತ್ತೆ ಎದ್ದು ಬಂದು ಜಟಕಾ ಹತ್ತಿದರು.

ಮಾರನೆಯ ದಿನ ಆಸ್ಪತ್ರೆಗೆ ಹೊರಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಯಜಮಾನರು ಅವ್ವನ ಕಾಲು ಹಿಡಿದು ಅತ್ತರು. "ಲಿಂಗ ಬುಟ್ಟು ನಾನು ಬದುಕಿ ಏನು ಮಾಡ್ಲಿ? ಇದ್ದಷ್ಟು ದಿನ ಇರ್ತೀನಿ ಬುಡು," ಎಂದರು ಅತ್ತೆ, ಅದೂ ಅಡುಗೆಗೆ ಏನು ಮಾಡಲಿ ಎಂದು ಕೇಳುವಷ್ಟು ಸಲೀಸಾಗಿ. ನನಗೆ ದಿಗ್ಭ್ರಮೆಯಾಯಿತು. ಅಷ್ಟೆಲ್ಲ ಉರಿ ತಿಂದು ಹಲ್ಲು ಕಚ್ಚಿಕೊಂಡು ಬದುಕಬೇಕೆಂದಿದ್ದ ಹೆಂಗಸು ಒಂದೇ ಮಾತಿನಲ್ಲಿ ಸಾಯುವುದಕ್ಕೆ ಸಿದ್ಧವಾಗಿ ಕೂತಿದ್ದರು.

ಮೂರನೆಯ ಬೆಳಿಗ್ಗೆ ನನ್ನ ತಾಳ್ಮೆ ಮುಗಿಯಿತು. ಅತ್ತೆ ಪೂಜೆಗೆ ಕೂತಿದ್ದರು. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟು, ವಿಭೂತಿ ಹಚ್ಚಿ, ಪತ್ರೆ ಏರಿಸಿ ನೋಡುತ್ತಿದ್ದರು. ದಿನಾ ನೋಡಿದ್ದೇ. ಆ ದಿನ ನೋಡಿ ಮಾತ್ರ ನನಗೆ ಕೋಪ ನೆತ್ತಿಗೇರಿತು.

"ಈಗ ಅದು ಎದೆ ಮೇಲಿದೆಯೇನು ಅತ್ತೆ? ಅಂಗೈ ಮೇಲಿದೆ," ಎಂದೆ. "ಹಾಗಾದ್ರೆ ಈಗ ನೀವು ಲಿಂಗ ಬಿಟ್ಟವರೇನು?"

ಪೂಜೆಗೆ ಕೂತವರ ಮುಂದೆ ದನಿ ಎತ್ತಿದ್ದಕ್ಕೆ ಬೈಗುಳ ಬೀಳುತ್ತದೆಂದು ಕಾದೆ. ಅತ್ತೆ ಅಂಗೈಯನ್ನೊಮ್ಮೆ ನೋಡಿಕೊಂಡರು. ಪೂಜೆ ಮುಗಿಸಿ ಎದ್ದು, "ಜಟಕಾದವನಿಗೆ ಹೇಳಿ ಕಳಿಸು," ಎಂದರು.

ಅಂದಿನಿಂದ ಶಿವದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು, ಕೈಯನ್ನು ದೂರಕ್ಕೆ ಚಾಚಿ ಮಲಗುತ್ತಿದ್ದರಂತೆ. ಡಾಕ್ಟರು ಬೇಡವೆನ್ನಲಿಲ್ಲ. ನಮಗೆ ಉಳಿದದ್ದು ಆ ಜಾಗವೂ ಸುಡುವುದನ್ನು ಕಾಯುವುದೊಂದೇ. ಮಧ್ಯಾಹ್ನ ಕುಪ್ಪಸ ಸರಿಸಿ ನೋಡುವುದು, ಆ ತಿಳಿ ಚರ್ಮ ತಿಳಿಯಾಗಿಯೇ ಇದೆಯೆಂದು ಸಪ್ಪಗಾಗುವುದು. "ಕೆಂಪಾಯ್ತೇನೆ?" ಎಂದು ಅತ್ತೆ ಕೇಳುತ್ತಿದ್ದರು. ನಾಳೆ ಆಗಬಹುದು ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಒಳಗಿನಿಂದ ಅತ್ತೆ ನರಳುವುದು ಕೇಳಿಸಿತು. ಓಡಿಹೋಗಿ ನೋಡಿದರೆ ಆ ಜಾಗ ಕುಂಕುಮದ ಹಾಗೆ ಕೆಂಪಾಗಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಉರಿ ಕಣೇ, ಉರಿ ಎನ್ನುತ್ತಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಸಂತೋಷಕ್ಕೆ ನಾನೇ ಬೆಚ್ಚಿಬಿದ್ದೆ. ಅತ್ತೆ ಸಂಕಟಪಡುತ್ತಿದ್ದಾರೆ, ಸೊಸೆ ನಗುತ್ತಿದ್ದಾಳೆ, ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ. ಹಿತ್ತಿಲಿಗೆ ಹೋಗಿ ಲೋಳೆಸರ ಕೊಯ್ದು, ಸಿಪ್ಪೆ ಬಿಡಿಸಿ, ಲೋಳೆಯನ್ನು ಬಟ್ಟಲಿಗೆ ಹಾಕಿಕೊಂಡು ಬಂದೆ.

ಹಚ್ಚಲು ಕೈ ಚಾಚಿದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಈಗ್ಲೇ ಬೇಡ ಕಣೇ," ಎಂದರು. "ಇನ್ನೊಂದು ಗಳಿಗೆ ಉರೀಲಿ ಬುಡು."

ನಾನು ಬಟ್ಟಲನ್ನು ಹಿಡಿದುಕೊಂಡು ಅವರ ಪಕ್ಕದಲ್ಲೇ ಕೂತೆ.