ಇನ್ನೂರು ಮೀಟರ್ ಆಚೆಯ ಬೆಳಕು

ಟಾರ್ಚನ್ನು ಎಲ್ಲ ಕಡೆಯೂ ಹಗಲಿನಲ್ಲೇ ಮಾರುತ್ತಾರೆ. ಕೊಡೆಯನ್ನು ಬೇಸಿಗೆಯಲ್ಲಿ ಮಾರಿದರೆ ನನಗೆ ಇಷ್ಟು ಸಿಟ್ಟು ಬರುವುದಿಲ್ಲ, ಬಿಡಿಸಿಯಾದರೂ ನೋಡಬಹುದು. ಟಾರ್ಚಿನ ಅಂಗಡಿಯವನು ಮಟಮಟ ಮಧ್ಯಾಹ್ನ ಅದನ್ನು ತನ್ನ ಅಂಗೈಗೆ ಒತ್ತಿ, ಬೆರಳ ಸಂದು ಕೆಂಪಾದದ್ದನ್ನು ತೋರಿಸಿ, "ಪವರ್ ನೋಡಿ" ಎನ್ನುತ್ತಾನೆ. ಅವನ ಅಂಗೈ ಕಟ್ಟಿಕೊಂಡು ನನಗೇನಾಗಬೇಕು?

ನನಗೆ ಕಾಣಬೇಕಾದದ್ದು ನನ್ನ ಕಾಲು. ಮಲಯಾಳದ ನಾಡಿನಲ್ಲಿ, ತುಂಬಾ ಎಂಬ ಊರಿನ ಕಡೆಯ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ ನಾನು ನಕ್ಷೆ ಬರೆಯುವವಳು. ಸಂಜೆ ಬಸ್ಸಿಳಿದರೆ ಮನೆಗೆ ಹತ್ತು ನಿಮಿಷದ ಓಣಿ. ಓಣಿಯುದ್ದಕ್ಕೂ ಚರಂಡಿ, ಚರಂಡಿಯ ಮೇಲಿನ ಚಪ್ಪಡಿಗಳೇ ನಮಗೆ ದಾರಿ, ಅಲ್ಲಲ್ಲಿ ಚಪ್ಪಡಿಯೇ ಇಲ್ಲ. ಅದೇ ಅರ್ಧ ಗಂಟೆ ನಮ್ಮ ಕಡೆ ಕರೆಂಟು ತೆಗೆಯುವ ಸರದಿ. ಬಿದ್ದೆ. ಬಲಗೈಯ ಮಣಿಕಟ್ಟು ಉಳುಕಿ ಮೂರು ವಾರ ಪೆನ್ನು ಹಿಡಿಯಲಾಗಲಿಲ್ಲ. ಇನ್ನೊಮ್ಮೆ ಬಿದ್ದರೆ ಈ ಕೈಯಲ್ಲಿ ನೇರ ಗೆರೆ ಮರೆತುಬಿಡಿ ಎಂದರು ಡಾಕ್ಟರು. ನೇರ ಗೆರೆ ಎಳೆಯದ ನಾನು ಯಾರು ಎಂಬುದು ನನಗಿನ್ನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಈ ಬಿದ್ದ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ಅದರಲ್ಲಿ ಮಳೆ ಸುರಿಯುತ್ತದೆ, ಎಲ್ಲೋ ನಾಯಿಯೊಂದು ಬೊಗಳುತ್ತದೆ. ಮಳೆ ಇರಲಿಲ್ಲ. ನಾಯಿಯ ವಿಷಯ ಖಚಿತವಿಲ್ಲ. ಚಪ್ಪಡಿ ಇರಲಿಲ್ಲ ಎಂಬುದಷ್ಟೇ ಖಚಿತ.

ನನ್ನ ಗಂಡ ಕೊಚ್ಚಿಯಲ್ಲಿ ಬ್ಯಾಂಕಿನವರು, ಶನಿವಾರದ ರೈಲಿಗೆ ಬರುವವರು. ವಿಷಯ ತಿಳಿದದ್ದೇ ಅಲ್ಲಿನ ಕಲೂರು ಪೇಟೆಯ ಅಂಗಡಿಯಿಂದ ಕೈಚೀಲದಲ್ಲಿ ಹಿಡಿಸುವಂಥ ಒಂದು ಕರಿಯ ಟಾರ್ಚು ತಂದರು. ಗಲ್ಫಿನ ಮಾಲು ಎಂಬ ಬಿರುದು ಬೇರೆ.

"ಇನ್ನೂರು ಮೀಟರ್ ಹೋಗತ್ತೆ ಕಣೇ."

"ನಾನು ಇನ್ನೂರು ಮೀಟರ್ ಆಚೆ ಬೀಳಲ್ಲ ರೀ. ಇಲ್ಲೇ ಬೀಳೋದು."

"ಪವರ್ ಇದ್ರೆ ಎಲ್ಲಾ ಕಡೆ ಇದ್ದ ಹಾಗೆ."

ಇರಲಿಲ್ಲ. ಸೂಜಿಯಂಥ ಬೆಳಕು ನೇರ ಹೋಗಿ ಓಣಿಯ ಕೊನೆಯ ತೆಂಗಿನ ಗೊನೆಯಲ್ಲಿ ಎಳನೀರು ಎಷ್ಟಿದೆ ಎಂದು ತೋರಿಸಿತು. ಕೆಳಕ್ಕೆ ತಿರುಗಿಸಿದರೆ ಚಪ್ಪಡಿಯ ಮೇಲೆ ರೂಪಾಯಿಯಷ್ಟಗಲದ ಬಿಳಿ ಚುಕ್ಕೆ; ಸುತ್ತಲಿನ ಕತ್ತಲು ಮೊದಲಿಗಿಂತ ದಟ್ಟ. ಎದುರಿಗೆ ಸೈಕಲ್ಲಿನಲ್ಲಿ ಬಂದವರು ಕಣ್ಣಿಗೆ ಕೈ ಅಡ್ಡ ಹಿಡಿದು ನನಗೆ ಮಲಯಾಳದಲ್ಲಿ ಏನೋ ಅಂದರು. ಅರ್ಥವಾಗದಿದ್ದುದು ಒಳ್ಳೆಯದಾಯಿತು.

ಪಕ್ಕದ ಮನೆಯ ಭಾರ್ಗವಿಯಮ್ಮ ಇದನ್ನು ನೋಡಿ ನಕ್ಕರು. ಅವರ ಕಾಲದಲ್ಲಿ ಚೂಟ್ಟು ಇತ್ತಂತೆ, ಒಣ ತೆಂಗಿನಗರಿಯ ಕಟ್ಟು. ಅದನ್ನು ಮೊಣಕಾಲ ಬಳಿ ಬೀಸುತ್ತ ನಡೆಯಬೇಕು. ಬೆಳಕು ಮುಂದಿನ ಎರಡು ಹೆಜ್ಜೆಯ ಮೇಲೆ ಬಿದ್ದರಾಯಿತು. ಪಲ್ಲಕ್ಕಿಯಲ್ಲಿ ಹೋಗುತ್ತಿದ್ದ ದೊರೆಗಳ ದೀವಟಿಗೆಯ ಕಥೆ ಬೇರೆ. ಅದು ದೂರಕ್ಕೆ ಉರಿಯಬಹುದಿತ್ತು, ಏಕೆಂದರೆ ಹೊಂಡದಲ್ಲಿ ಮೊದಲು ಬೀಳುವವನು ಅದನ್ನು ಹಿಡಿದವನು, ದೊರೆಯಲ್ಲ. ಮೀಟರಿನ ಲೆಕ್ಕದಲ್ಲಿ ಟಾರ್ಚು ಮಾಡುವವರೆಲ್ಲ ಮನಸ್ಸಿನಲ್ಲಿ ಇನ್ನೂ ಪಲ್ಲಕ್ಕಿಯಲ್ಲೇ ಕೂತಿದ್ದಾರೆ ಎಂದು ನನ್ನ ಗುಮಾನಿ.

ಕೊನೆಗೆ ನಾನೇ ಟಾರ್ಚು ಕೊಳ್ಳಲು ಹೋದೆ. ಅಂಗಡಿಯ ಬಾಗಿಲು ಸ್ವಲ್ಪ ಎಳೆಯಿರಿ, ಕತ್ತಲಲ್ಲಿ ನೋಡಬೇಕು ಎಂದರೆ ಅಂಗಡಿಯಾತ ನನ್ನನ್ನು ವಿಚಿತ್ರವಾಗಿ ನೋಡಿದ. ಸರಿ, ಐದು ಟಾರ್ಚು ಎತ್ತಿಕೊಂಡು ಸೀರೆ ಮುದುರಿ ಅವನ ಮೇಜಿನ ಅಡಿಗೇ ನುಗ್ಗಿ ಕುಕ್ಕರುಗಾಲಲ್ಲಿ ಕೂತೆ. ಒಂದೊಂದನ್ನೇ ಹಚ್ಚಿ ನನ್ನ ಪಾದಕ್ಕೆ ಬಿಟ್ಟೆ. ಮೇಲೆ ಜನ ಸೇರಿದ ಸದ್ದು.

"ಎಂದಾ ಚೇಚೀ, ವಲ್ಲದುಂ ತಾಳೆ ಪೋಯೋ?" ಏನಕ್ಕಾ, ಏನಾದರೂ ಕೆಳಗೆ ಬಿತ್ತೇ ಎಂದು ಅಂಗಡಿಯಾತ ಕೇಳುತ್ತಿದ್ದ.

"ಇಲ್ಲಪ್ಪ, ಬೀಳಬಾರದು ಅಂತಲೇ ನೋಡ್ತಿದೀನಿ" ಎಂದೆ ಕನ್ನಡದಲ್ಲೇ.

ನಾಲ್ಕನೆಯದರ ತಲೆ ತಿರುಗಿಸಿದರೆ ಬೆಳಕು ಚಾಪೆಯಂತೆ ಹರಡಿತು. ಎರಡು ಪಾದ, ಹತ್ತು ಬೆರಳು, ಹಳೆಯ ಬಿಲ್ಲುಗಳು, ಒಂದು ಸತ್ತ ಜಿರಲೆ, ಎಲ್ಲವೂ ಸ್ಪಷ್ಟ. ಅದನ್ನೇ ಕೊಂಡೆ.

ಆ ಸಂಜೆ ಓಣಿಯಲ್ಲಿ ಮೊದಲ ಸಲ ಚರಂಡಿಯನ್ನು ಸರಿಯಾಗಿ ಕಂಡೆ; ಬೆಳಿಗ್ಗೆ ಬಸ್ಸು ಹಿಡಿಯುವ ಓಟದಲ್ಲಿ ಕಣ್ಣು ಕೆಳಗೆ ಹೋದದ್ದೇ ಇಲ್ಲ. ಅದುವರೆಗೆ ನನ್ನ ಚಪ್ಪಲಿಯನ್ನು, ಗಡಿಬಿಡಿಯನ್ನು, ನಲವತ್ತು ದಾಟಿದ ಮೊಣಕಾಲನ್ನು ಬೈದುಕೊಂಡಿದ್ದೆ. ಬೆಳಕಿನಲ್ಲಿ ನೋಡಿದರೆ ಏಳು ಕಡೆ ಚಪ್ಪಡಿ ಇಲ್ಲ. ಒಂದು ಕಡೆ ಆಳ ನನ್ನ ಸೊಂಟದಷ್ಟು. ಮಂದ ಬೆಳಕಿನಲ್ಲಿ ಬಿದ್ದವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಕೋಪ ಸರಿಯಾದ ವಿಳಾಸಕ್ಕೆ ಹೋಗಬೇಕಾದರೂ ಬೆಳಕು ಬೇಕು.

ಭಾನುವಾರ ಗಂಡ ಟೇಪು ಹಿಡಿದರು, ನಾನು ಅಳತೆ ಬರೆದುಕೊಂಡೆ. ಓಣಿಯ ನಕ್ಷೆ ತಯಾರಾಯಿತು: ಮೇಲಿನಿಂದ ಒಂದು ನೋಟ, ಅಡ್ಡಕೊಯ್ತ ಒಂದು, ಏಳೂ ಹೊಂಡಗಳಿಗೆ ಗುರುತಿನ ಸಂಖ್ಯೆ. ವಾಸಿಯಾದ ಕೈ ಇಷ್ಟು ನೇರ ಗೆರೆಯನ್ನು ಕಚೇರಿಗೂ ಎಳೆದಿರಲಿಲ್ಲ. ಅದನ್ನು ವಾರ್ಡಿನ ಕಚೇರಿಗೆ ಒಯ್ದೆ. ಗುಮಾಸ್ತರು ನಕ್ಷೆಯನ್ನು ಬಹಳ ಹೊತ್ತು ಮೆಚ್ಚಿದರು. ಅಲ್ಲಿ ಹೇಗೆ ನಡೆಯುತ್ತೀರಿ ಎಂದು ಕೇಳಿದರು. ನಾನು ಮೂರ್ಖಳು, ಚೀಲದಿಂದ ಟಾರ್ಚು ತೆಗೆದು ತೋರಿಸಿದೆ.

"ಟಾರ್ಚ್ ಉಂಡಲ್ಲೋ ಚೇಚೀ, ಪಿನ್ನೆ ಎಂದಾ?"

ಟಾರ್ಚ್ ಇದೆಯಲ್ಲ, ಮತ್ತೇನು. ಮೇಜಿನಡಿ ಕೂತು ಹುಡುಕಿ ನಾನು ಆರಿಸಿದ್ದು ನನಗೆ ಬೆಳಕನ್ನಲ್ಲ, ಅವರಿಗೆ ರಜೆಯನ್ನು. ಹಾಗೆಂದು ಅದನ್ನು ಬಿಸಾಡಲಾರೆ. ಬಲಗೈ ಇರುವುದು ಒಂದೇ. ಆ ಕೈಯಿಂದ ಈಗ ಪ್ರತಿ ಸೋಮವಾರ ವಾರ್ಡಿನ ಕಚೇರಿಗೆ ಒಂದು ಹೊಸ ನಕ್ಷೆ ಹೋಗುತ್ತದೆ. ಕಳೆದ ವಾರ ಎಂಟನೆಯ ಹೊಂಡ ಸೇರಿಸಿದೆ.