ಕೆಳಗಿನ ಇಬ್ಬರು

ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನಲವತ್ತು ಮಂದಿ ಇದ್ದರು. ಅವರಲ್ಲಿ ಇಬ್ಬರು ಫೇಲಾಗಲೇಬೇಕಿತ್ತು. ಯಾರು ಎಷ್ಟು ಚೆನ್ನಾಗಿ ಬರೆದರೂ ಅಷ್ಟೆ. ಅಂಕಗಳನ್ನು ಮೇಲಿಂದ ಕೆಳಕ್ಕೆ ಜೋಡಿಸುವುದು, ಮೊದಲ ನಾಲ್ವರಿಗೆ ಹತ್ತು ಪಾಯಿಂಟ್ ಕೊಡುವುದು, ಆಮೇಲಿನವರಿಗೆ ಒಂಬತ್ತು, ಎಂಟು ಎಂದು ಇಳಿಸುತ್ತ ಬರುವುದು, ತಳದ ಇಬ್ಬರಿಗೆ ಸೊನ್ನೆ ಹಾಕಿ ಪೆನ್ನು ಮುಚ್ಚುವುದು. ಇದು ಆ ವಿಭಾಗದ ಪದ್ಧತಿ. ಮೇಷ್ಟ್ರು ಮೊದಲ ದಿನವೇ ಇದನ್ನು ಬಿಡಿಸಿ ಹೇಳಿದ್ದರು. ತರಗತಿಗೆ ಚೆನ್ನಾಗಿಯೇ ಅರ್ಥವಾಯಿತು. ತಲೆಗೆ ಹೋಗದೆ ಉಳಿದದ್ದು ಅಕ್ಕನಿಗೆ ಮಾತ್ರ.

ಅಕ್ಕ ಎಂದರೆ ನಲವತ್ತರ ಹತ್ತಿರದ ಹೆಂಗಸು. ನಗರದ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಬಡಾವಣೆಗಳ ನಲ್ಲಿಗಳಿಂದ ಬಂದ ಬಾಟಲಿಗಳನ್ನು ಇಳಿಸಿಕೊಂಡು ನೀರು ಸೋಸಿ, ಸೋಸುಕಾಗದದ ಬಿಲ್ಲೆಯನ್ನು ಗಾಜಿನ ತಟ್ಟೆಯಲ್ಲಿಟ್ಟು ಬಿಸಿ ಪೆಟ್ಟಿಗೆಗೆ ತಳ್ಳುತ್ತಾಳೆ. ಹಿಂದಿನ ದಿನದ ತಟ್ಟೆಗಳನ್ನು ಹೊರಗೆ ತೆಗೆದು, ಅವುಗಳಲ್ಲಿ ಎದ್ದಿರುವ ಕ್ರಿಮಿಗಳ ಚುಕ್ಕೆಗಳನ್ನು ಎಣಿಸುತ್ತಾಳೆ. ಚುಕ್ಕೆ ಮಿತಿಯೊಳಗಿದ್ದರೆ ಕುಡಿಯುವ ನೀರು, ಮಿತಿ ದಾಟಿದರೆ ಅಲ್ಲ. ಪಕ್ಕದ ಬಾಟಲಿಯ ನೀರು ಇನ್ನೂ ತಿಳಿಯಾಗಿದೆ ಎಂಬ ಕಾರಣಕ್ಕೆ ಈ ಬಾಟಲಿಯ ನೀರು ಕೆಟ್ಟದ್ದಾಗುವುದಿಲ್ಲ. ವರ್ಷಗಟ್ಟಲೆ ಹೀಗೇ ನೋಡಿ ನೋಡಿ, ಪರೀಕ್ಷೆ ಎಂದರೆ ಒಂದು ಗೆರೆ, ದಾಟಿದರೆ ಆಯಿತು ಎಂಬುದು ಅವಳ ರಕ್ತಕ್ಕೆ ಇಳಿದುಹೋಗಿತ್ತು. ಮೇಷ್ಟ್ರು ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಹುಡುಗರನ್ನು ಹೆದರಿಸಲು ಹೇಳುವ ಮಾತು ಎಂದುಕೊಂಡಳು.

ಈ ವಯಸ್ಸಿನಲ್ಲಿ ಕಾಲೇಜು ಯಾಕೆ ಬೇಕಾಯಿತು ಎಂದರೆ, ಸಹಿಗಾಗಿ. ತಟ್ಟೆ ಎಣಿಸುವವಳು ಅವಳು, ವರದಿಯ ಕೆಳಗೆ ಸಹಿ ಹಾಕುವವರು ಬೇರೆಯವರು. ಡಿಗ್ರಿ ಇಲ್ಲದವರು ಸಹಿ ಹಾಕುವಂತಿಲ್ಲ. ಕಿಟಕಿ ಪಕ್ಕದ ಸಹಿಯ ಕುರ್ಚಿಯ ಮೇಲೆ ಅವಳಿಗೆ ಮೊದಲಿನಿಂದಲೂ ಕಣ್ಣು. ಲ್ಯಾಬಿನ ಸಾಹೇಬರು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಮಧ್ಯಾಹ್ನದ ನಂತರ ಕಾಲೇಜಿಗೆ ಹೋಗಲು ಬಿಡುತ್ತಿದ್ದರು. ಸರಾಸರಿ ಆರಕ್ಕಿಂತ ಇಳಿಯಿತೋ, ಅನುಮತಿ ರದ್ದು; ಅವಕಾಶ ಮುಂದಿನವರಿಗೆ.

ಮುಂದಿನವಳು ಕುಳ್ಳಿ. ಲ್ಯಾಬಿನಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದ, ಅಕ್ಕನ ಪಕ್ಕದ ಮೇಜಿನ ಹೆಂಗಸು. ಮೊದಲ ಅವಕಾಶ ಯಾರಿಗೆ ಎಂದು ಸಾಹೇಬರು ತೂಗಿ ನೋಡುತ್ತಿದ್ದಾಗ ಅಕ್ಕ ಬಾಗಿಲಲ್ಲಿ ನಿಂತು, "ಅವಳಿಗೆ ಕೈಗೂಸು ಸರ್, ಪಾಪ, ಓದೋಕೆ ಎಲ್ಲಾಗುತ್ತೆ?" ಎಂದಿದ್ದಳು. ಸಾಹೇಬರಿಗೆ ಹೌದೆನ್ನಿಸಿತು. ಕುಳ್ಳಿಗೆ ಈ ಮಾತು ಗೊತ್ತಾಗಲಿಲ್ಲ.

ಮನೆಯಲ್ಲಿ ಗಂಡನದು ಪಂಕ್ಚರ್ ಅಂಗಡಿ. "ಟ್ಯೂಬಿಗೆ ತೇಪೆ ಹಾಕೋನ ಹೆಂಡ್ತಿ ಕಾಲೇಜ್ ಕನ್ಯೆ ಆಗಿದ್ದಾಳೆ. ಇನ್ನು ಅಂಗಡಿ ಬೋರ್ಡನ್ನ ಇಂಗ್ಲಿಷಲ್ಲಿ ಬರೆಸ್ಬೇಕು" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ. ಅತ್ತೆ ನಗುತ್ತಿರಲಿಲ್ಲ. "ಓದೋ ಕಾಲದಲ್ಲಿ ಓದ್ಲಿಲ್ಲ, ಈಗ ಪುಸ್ತಕ ಹಿಡ್ಕೊಂಡು ಯಾರಿಗೆ ತೋರಿಸ್ಬೇಕಮ್ಮಾ?" ಎನ್ನುತ್ತಿದ್ದರು. ತೋರಿಸಬೇಕಾದವರಲ್ಲಿ ಅತ್ತೆಯೇ ಮೊದಲನೆಯವರು ಎಂದು ಅಕ್ಕ ಬಾಯಿಬಿಟ್ಟು ಹೇಳಲಿಲ್ಲ.

ಮೊದಲ ಕಿರುಪರೀಕ್ಷೆಯಲ್ಲಿ ಸಂಖ್ಯಾಶಾಸ್ತ್ರ ಅವಳನ್ನು ನೆಲಕ್ಕೆ ಕೆಡವಿತು. ಅವಳಿಗಿಂತ ಕೆಳಗಿದ್ದವನು ಒಬ್ಬನೇ. ಹೆಸರು ನೋಂದಾಯಿಸಿ ಕ್ಲಾಸಿಗೆ ಮುಖ ಹಾಕದ, ಬಂದರೂ ಹಿಂದಿನ ಬೆಂಚಿನಲ್ಲಿ ಮಲಗುವ, ನಿದ್ದೆರಾಯ ಎಂದೇ ಹೆಸರಾದ ಹುಡುಗ. ತಳದ ಒಂದು ಜಾಗ ಅವನಿಗೆ ಮೀಸಲು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇನ್ನೊಂದು ಜಾಗದ ಪ್ರಶ್ನೆ. ಅಕ್ಕನಿಗಿಂತ ಸ್ವಲ್ಪವೇ ಮೇಲಿದ್ದವನು ದಪ್ಪ ಕನ್ನಡಕದ ಸೋಡಾಬುಡ್ಡಿ. ಅವಳು ಆ ವಿಷಯವನ್ನು ಬಿಟ್ಟು ಹೋದರೆ ಅವನು ತಾನಾಗಿಯೇ ಆ ಜಾಗಕ್ಕೆ ಜಾರುತ್ತಿದ್ದ. ಅವನ ಮೇಲಿದ್ದವರೂ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಿದ್ದರು. ಆ ವಾರದಿಂದ ಅಕ್ಕನಿಗೆ ಬೆನ್ನ ಹಿಂದೆ 'ವಿಮೆ' ಎಂಬ ಹೆಸರು ಬಿತ್ತು.

ಬಿಡುವುದಕ್ಕೆ ಅವಕಾಶವೂ ಇತ್ತು. ಅಕ್ಕ ಕಾಲೇಜಿನ ಆಫೀಸಿಗೆ ಹೋಗಿ ಗುಮಾಸ್ತನನ್ನು ಕೇಳಿದಳು.

"ಒಂದೊಂದು ಸಬ್ಜೆಕ್ಟಿಗೂ ಇಷ್ಟಿಷ್ಟು ಕ್ರೆಡಿಟ್ ಅಂತ ತೂಕ ಇದೆ, ಮೇಡಂ" ಎಂದು ಗುಮಾಸ್ತ ಟೀ ಲೋಟ ಕೆಳಗಿಟ್ಟು ಹೇಳಿದ. "ನಿಮಗೆ ಬಂದ ಪಾಯಿಂಟನ್ನ ಆ ತೂಕದಿಂದ ಗುಣಿಸ್ತೀವಿ. ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸ್ತೀವಿ. ಅದೇ ಸರಾಸರಿ. ನಿಮ್ಮ ಸಂಖ್ಯಾಶಾಸ್ತ್ರದ್ದು ಐದು ಕ್ರೆಡಿಟ್, ಎಲ್ಲಕ್ಕಿಂತ ಭಾರ."

"ಬಿಟ್ರೆ?"

"ಬಿಟ್ರೆ ಅದು ಲೆಕ್ಕಕ್ಕೇ ಬರಲ್ಲ. ಮುಂದಿನ ಸೆಮಿಸ್ಟರಲ್ಲಿ ತಗೋಬಹುದು. ಫೇಲಾದ್ರೆ ಮಾತ್ರ ಕಷ್ಟ. ಗುಣಿಸೋಕೆ ಸೊನ್ನೆ, ಭಾಗಿಸೋಕೆ ಐದು. ಉಳಿದಿದ್ದನ್ನೂ ಎಳ್ಕೊಂಡು ಬೀಳುತ್ತೆ."

ಬಿಟ್ಟುಬಿಡುವುದೆಂದು ನಿರ್ಧರಿಸಿಕೊಂಡೇ ಅವಳು ಹೊರಗೆ ಬಂದಳು. ಮೆಟ್ಟಿಲ ಕೆಳಗೆ ಸೋಡಾಬುಡ್ಡಿಯೂ ಕ್ಲಾಸಿನ ಮುಂದಾಳು ಹುಡುಗಿಯೂ ಇನ್ನು ನಾಲ್ಕು ಜನರೂ ಕಾಯುತ್ತಿದ್ದರು.

"ಏನಕ್ಕಾ, ಬಿಡ್ತೀರಂತೆ? ನೀವ್ ಬಿಟ್ರೆ ನಾವ್ ಯಾರನ್ನ ಅಕ್ಕಾ ಅನ್ನೋದು?" ಎಂದಳು ಮುಂದಾಳು.

"ನನ್ನ ತಲೆಗೆ ಹತ್ತಲ್ಲ ಕಣ್ರೇ. ನೀವು ಚಿಕ್ಕವರು, ನಿಮ್ಮ ಬುದ್ಧಿ ಓಡುತ್ತೆ."

"ನಾನಿಲ್ವಾ? ನಾನ್ ಹೇಳ್ಕೊಡ್ತೀನಿ" ಎಂದ ಸೋಡಾಬುಡ್ಡಿ. "ದಿನಾ ಮನೆಗೇ ಬರ್ತೀನಿ. ಒಂದೇ ಒಂದು ಕಿರುಪರೀಕ್ಷೆಗೆ ಹೆದರ್ಕೊಂಡು ಓಡಿಹೋಗ್ತಾರಾ ಯಾರಾದ್ರೂ? ಅದೂ ನಿಮ್ಮಂಥ ಗಟ್ಟಿಗಿತ್ತಿ!"

ಅಕ್ಕನ ಕಣ್ಣು ತುಂಬಿತು. ಈ ಮಕ್ಕಳಿಗೆ ತನ್ನ ಮೇಲೆ ಇಷ್ಟೊಂದು ಅಕ್ಕರೆ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬಿಡುವ ಗಡುವು ಅವಳು ಲೆಕ್ಕ ಬಿಡಿಸುತ್ತ ಕೂತಿದ್ದ ಒಂದು ಸಂಜೆ ಸದ್ದಿಲ್ಲದೆ ಮುಗಿಯಿತು.

ಸೋಡಾಬುಡ್ಡಿ ಮಾತಿಗೆ ತಪ್ಪಲಿಲ್ಲ. ಮನೆಗೆ ಬಂದ, ಊಟ ಮಾಡಿದ, ಅತ್ತೆಗೆ ಫೋನಿನಲ್ಲಿ ಹಳೇ ಹಾಡು ಹಾಕಿಕೊಟ್ಟ, ಪಾಠವನ್ನೂ ಹೇಳಿಕೊಟ್ಟ. ತಪ್ಪೇನೂ ಹೇಳಿಕೊಡಲಿಲ್ಲ. ಬರೀ ಪುಸ್ತಕದಲ್ಲಿದ್ದದ್ದನ್ನು ಹೇಳಿಕೊಟ್ಟ. ಮೇಷ್ಟ್ರು ಪ್ರತಿ ಸಲವೂ ಹಳೇ ಪ್ರಶ್ನೆಗಳನ್ನೇ ಅಂಕಿ ಬದಲಿಸಿ ಕೇಳುತ್ತಾರೆ ಎಂಬುದನ್ನು ಹೇಳಲಿಲ್ಲ. ಕ್ಲಾಸಿಗೆ ಎರಡು ವಾಟ್ಸಾಪ್ ಗುಂಪುಗಳಿದ್ದವು. ಅಕ್ಕ ಇದ್ದ ಗುಂಪಿನಲ್ಲಿ ಗುಡ್ ಮಾರ್ನಿಂಗ್, ಹುಟ್ಟುಹಬ್ಬದ ಹಾರೈಕೆ, ನಗುವ ಮುಖಗಳು. ಅಕ್ಕ ಇಲ್ಲದ ಗುಂಪಿನಲ್ಲಿ ಹಳೇ ಪ್ರಶ್ನೆಪತ್ರಿಕೆಗಳು, ಅವುಗಳ ಉತ್ತರಗಳು. ಅವಳ ಮನೆಯಲ್ಲಿ ಉಂಡು ಕೈ ತೊಳೆದುಕೊಂಡು ಹೊರಬಿದ್ದವನೇ ಸೋಡಾಬುಡ್ಡಿ ಬೀದಿಯಲ್ಲಿ ಸೈಕಲ್ ನಿಲ್ಲಿಸಿ ಆ ಎರಡನೇ ಗುಂಪು ತೆರೆಯುತ್ತಿದ್ದ.

ಅವಳೂ ಓದಿದಳು, ಹಟ ಹಿಡಿದು ಓದಿದಳು. ಒಲೆಯ ಮೇಲೆ ಏನೋ ಸೀದರೂ ಮೂಗಿಗೆ ಬಡಿಯದಷ್ಟು ಓದಿದಳು. "ಹೊಟ್ಟೆಗಿಲ್ಲದ ಲೆಕ್ಕ" ಎಂದು ಅತ್ತೆ ಪಾತ್ರೆ ಉಜ್ಜಿದರು.

ಅಂತಿಮ ಪರೀಕ್ಷೆಯಾಗಿ ಅಂಕಗಳು ಮೊದಲು ಬಂದವು, ಗ್ರೇಡು ಆಮೇಲೆ ಬರಬೇಕು. ಬೋರ್ಡಿನಲ್ಲಿ ಅವಳ ಹೆಸರಿನ ಮುಂದೆ ಐವತ್ತೆರಡು ಎಂದಿತ್ತು. ಪಾಸಾಗಲು ಅವಳು ಮನಸ್ಸಿನಲ್ಲಿ ಎಳೆದುಕೊಂಡಿದ್ದ ಗೆರೆ ನಲವತ್ತು. ಅಕ್ಕ ಬೋರ್ಡಿನ ಗಾಜಿಗೆ ಬೆರಳು ಒತ್ತಿ ನಿಂತಳು. ತನ್ನ ಸಾಲು ಬಿಟ್ಟು ಬೇರೆ ಯಾವ ಸಾಲನ್ನೂ ನೋಡಬೇಕೆನ್ನಿಸಲಿಲ್ಲ. ನೋಡಿದ್ದರೆ, ನಿದ್ದೆರಾಯನೊಬ್ಬನನ್ನು ಬಿಟ್ಟರೆ ಅವಳ ಕೆಳಗೆ ಯಾರೂ ಇಲ್ಲವೆಂದು, ಸೋಡಾಬುಡ್ಡಿಯ ಐವತ್ತೆಂಟೇ ಅವಳ ಮೇಲಿನ ಹತ್ತಿರದ ಅಂಕಿಯೆಂದು ಕಾಣುತ್ತಿತ್ತು.

ಮರುದಿನ ಅವಳು ಇಡೀ ಕ್ಲಾಸಿಗೆ ಕೇಕು ತಂದಳು. ಬೇಕರಿಯ ಹುಡುಗಿಯ ಕೈಯಲ್ಲಿ ಮೇಲೆ "ಪಾಸ್" ಎಂದು ಬರೆಸಿದ್ದಳು. ಎಲ್ಲರಿಗೂ ಬೋರ್ಡು ಬಾಯಿಪಾಠವಾಗಿತ್ತು. ಎಲ್ಲರೂ ಕೈಚಾಚಿದರು.

"ಕಂಗ್ರಾಟ್ಸ್ ಅಕ್ಕಾ!"

"ಎಲ್ಲ ಇವನಿಂದ" ಎಂದು ಅಕ್ಕ ಸೋಡಾಬುಡ್ಡಿಯ ಬಾಯಿಗೆ ತನ್ನ ಕೈಯಾರೆ ತುಂಡು ಇಟ್ಟಳು. ಅವನು ಕನ್ನಡಕ ಸರಿಮಾಡಿಕೊಂಡು ನುಂಗಿದ. ಮುಂದಾಳು ಹುಡುಗಿ ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ, "ವಿಮೆ ಕಂಪನಿಯೇ ಕೇಕ್ ಹಂಚೋದನ್ನ ಇವತ್ತೇ ನೋಡಿದ್ದು" ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಕ್ಕನಿಗೆ ಮಾತು ತಿಳಿಯಲಿಲ್ಲ. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಅವಳೂ ನಕ್ಕಳು.

ಉಳಿದ ಕೇಕನ್ನು ಲ್ಯಾಬಿಗೆ ಒಯ್ದಳು. ಸಾಹೇಬರು ಭೇಷ್ ಎಂದರು. ಅತ್ತೆಗೂ ಒಂದು ಚೂರು ಸಿಕ್ಕಿತು. "ಸಿಹಿ ಜಾಸ್ತಿ" ಎಂದರು ಅವರು, ಆದರೆ ತಿಂದರು.

ಗ್ರೇಡು ಬಂದಾಗ ಸಂಖ್ಯಾಶಾಸ್ತ್ರದ ಮುಂದೆ ಸೊನ್ನೆ ಇತ್ತು. ಬೆರಳು ತಪ್ಪಿ ಒತ್ತಿದ ಸೊನ್ನೆ ಇರಬೇಕೆಂದು ಅಕ್ಕ ನೆಟ್ಟಗೆ ಮೇಷ್ಟ್ರ ಕೋಣೆಗೆ ಹೋದಳು.

"ತಪ್ಪಾಗಿದೆ ಸರ್. ನಂಗೆ ಐವತ್ತೆರಡು."

"ತಪ್ಪಲ್ಲಮ್ಮಾ." ಮೇಷ್ಟ್ರು ಕೆಟ್ಟವರಲ್ಲ, ಕುರ್ಚಿ ತೋರಿಸಿದರು. "ನಿಮ್ಮ ಐವತ್ತೆರಡರಲ್ಲಿ ಏನೂ ದೋಷ ಇಲ್ಲ. ಉಳಿದವರದು ಅದಕ್ಕಿಂತ ಹೆಚ್ಚಿದೆ. ಮೊದಲ ದಿನ ಹೇಳಿದ್ನಲ್ಲ?"

"ಕಲ್ತಿದೀನಿ ಸರ್ ನಾನು. ಎಲ್ಲಿ ಬೇಕಾದ್ರೂ ಕೇಳಿ ನೋಡಿ."

"ಕಲ್ತಿದೀರಿ. ಇಲ್ಲ ಅನ್ನಲ್ಲ. ಆದರೆ ತಳ ಅಂತ ಒಂದು ಇರಲೇಬೇಕು, ಅಲ್ಲಿ ಯಾರಾದ್ರೂ ಇರಲೇಬೇಕು." ಅವರು ಅವಳ ಉತ್ತರಪತ್ರಿಕೆ ತೆರೆದರು. "ಒಂದು ಕೇಳ್ತೀನಿ. ಹಳೇ ಪತ್ರಿಕೆ ನೋಡಿದ್ರೆ ಇನ್ನೂ ಹತ್ತು ಹದಿನೈದು ಸಲೀಸಾಗಿ ಬರ್ತಿತ್ತು. ಯಾಕೆ ನೋಡ್ಲಿಲ್ಲ? ಎಲ್ಲರ ಹತ್ರಾನೂ ಇರುತ್ತಲ್ಲ!"

ಅಕ್ಕ ಸೋಡಾಬುಡ್ಡಿಯನ್ನು ಸೈಕಲ್ ನಿಲ್ದಾಣದಲ್ಲಿ ಹಿಡಿದಳು. ಅವನು ಓಡಲಿಲ್ಲ, ಸುಳ್ಳನ್ನೂ ಹೇಳಲಿಲ್ಲ.

"ಇತ್ತು ಅಕ್ಕಾ. ಎಲ್ಲರ ಹತ್ರಾನೂ ಇತ್ತು."

"ನನ್ನ ಮನೇಲಿ ಉಂಡೆಯಲ್ಲೋ."

"ಉಂಡೆ. ಚೆನ್ನಾಗಿತ್ತು ಕೂಡ." ಅವನು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. ಕನ್ನಡಕವಿಲ್ಲದ ಮುಖ ತೀರಾ ಎಳೆಯದಾಗಿ ಕಂಡಿತು. "ನಿಮಗೆ ಕೊಟ್ಟಿದ್ರೆ ನೀವ್ ಮೇಲೆ ಹೋಗ್ತಿದ್ರಿ, ನಾನ್ ಕೆಳಗೆ. ನೀವ್ ಬಿಟ್ಟು ಹೋಗಿದ್ರೂ ನಾನೇ ಕೆಳಗೆ. ನೀವ್ ಇರ್ಲೇಬೇಕಿತ್ತು, ಅಷ್ಟೆ. ನನ್ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ, ಹೇಳಿ?"

ಅವಳು ಕಪಾಳಕ್ಕೆ ಹೊಡೆಯಲು ಎತ್ತಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಅವನ ಸೈಕಲ್ಲಿನ ಸೀಟಿನ ಮೇಲೆ ಇಟ್ಟಳು. ಅವನು ಆ ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ಹೊರಟುಹೋದ.

ಆಫೀಸಿನ ಗುಮಾಸ್ತ ಲೆಕ್ಕ ಬಿಡಿಸಿ ತೋರಿಸಿದ. ಬೇರೆ ವಿಷಯಗಳಲ್ಲಿ ಅವಳದು ಒಳ್ಳೆಯ ಗ್ರೇಡು. ಆದರೂ ಸೊನ್ನೆಯ ಭಾರಕ್ಕೆ ಸರಾಸರಿ ಐದು ಪಾಯಿಂಟ್ ಆರು ಐದಕ್ಕೆ ಕುಸಿದಿತ್ತು. "ಜಸ್ಟ್ ಪಾಸ್ ಆಗಿದ್ರೂ ಆರು ಪಾಯಿಂಟ್ ಒಂಬತ್ತು ಬರ್ತಿತ್ತು" ಎಂದ. ಆಮೇಲೆ, ಯಾರೂ ಕೇಳದಿದ್ದರೂ, ಇನ್ನೊಂದು ಭಾಗಾಕಾರ ಮಾಡಿದ. "ಅವತ್ತೇ ಬಿಟ್ಟಿದ್ರೆ ಏಳೂವರೆ ಇರ್ತಿತ್ತು, ಮೇಡಂ. ಯಾರ್ ಹೇಳಿದ್ರು ಬಿಡ್ಬೇಡಿ ಅಂತ?"

ಸಾಹೇಬರು ಬಯ್ಯಲಿಲ್ಲ. "ರೂಲ್ಸ್ ರೂಲ್ಸೇ ಅಲ್ವಾ? ಈ ಸಲ ಕುಳ್ಳಿ ಹೋಗ್ಲಿ. ಅವಳೂ ಆರಕ್ಕಿಂತ ಕೆಳಗೆ ಬಂದ್ರೆ ಮತ್ತೆ ನಿಮ್ಮ ಸರದಿ" ಎಂದರು. ಮನೆಯಲ್ಲಿ ಅತ್ತೆ ಅಡುಗೆಮನೆಯ ದೀಪ ಹಾಕಿ, "ಕೇಕ್ ತಿನ್ನಿಸಿ ಫೇಲಾದೋಳನ್ನ ನಾನು ಇವತ್ತೇ ನೋಡಿದ್ದು" ಎಂದರು. ಗಂಡ ಈ ಸಲ ನಗಲಿಲ್ಲ. ನಗದೆ ಇದ್ದದ್ದೇ ಹೆಚ್ಚು ಚುಚ್ಚಿತು.

ಹೊಸ ಸೆಮಿಸ್ಟರು ಶುರುವಾಗಿ ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಕುಳ್ಳಿ ತನ್ನ ತಟ್ಟೆಗಳನ್ನು ಬಿಟ್ಟು ಅಕ್ಕನ ಮೇಜಿಗೆ ಬಂದಳು. ಕಣ್ಣ ಕೆಳಗೆ ಕಪ್ಪು. ಮಗುವಿಗೆ ಹಲ್ಲು ಬರುತ್ತಿತ್ತು.

"ಅಕ್ಕಾ, ಒಂದ್ ಮಾತು ಕೇಳ್ಲಾ? ಸಂಖ್ಯಾಶಾಸ್ತ್ರ ತಗೊಂಡಿದೀನಿ. ಕಿರುಪರೀಕ್ಷೇಲಿ ಕೆಳಗಿಂದ ಎರಡನೇದು. ಬಿಟ್ಟುಬಿಡ್ಲಾ ಅಂತ. ನಾಳೆನೇ ಕೊನೇ ದಿನ."

ಅಕ್ಕ ಎಣಿಕೆ ನಿಲ್ಲಿಸಲಿಲ್ಲ. ತಟ್ಟೆಯ ಹಿಂಬದಿಗೆ ಪೆನ್ನಿನಿಂದ ಒಂದೊಂದೇ ಚುಕ್ಕೆ ಗುರುತಿಸುತ್ತ, "ಕ್ಲಾಸಲ್ಲಿ ಏನಂತಾರೆ?" ಎಂದಳು.

"ಎಲ್ಲರೂ ತುಂಬ ಒಳ್ಳೆಯವರು. ಬಿಡ್ಬೇಡಿ, ಹೇಳ್ಕೊಡ್ತೀವಿ ಅಂತಾರೆ. ಆದ್ರೂ ನಂಗೆ ಭಯ. ನೀವ್ ಒಂದ್ಸಲ ಬರೆದಿದೀರಲ್ಲ, ನಿಮ್ಗೆ ಗೊತ್ತಿರುತ್ತೆ."

ಅಕ್ಕನಿಗೆ ಗೊತ್ತಿತ್ತು. ಎಲ್ಲವೂ ಗೊತ್ತಿತ್ತು. ಎರಡು ಗುಂಪುಗಳು ಗೊತ್ತಿದ್ದವು, ಹಳೇ ಪತ್ರಿಕೆ ಯಾರ ಬಳಿ ಇದೆಯೆಂದು ಗೊತ್ತಿತ್ತು, ಐದು ಕ್ರೆಡಿಟ್ಟಿನ ಸೊನ್ನೆ ಎಷ್ಟು ಆಳಕ್ಕೆ ಎಳೆಯುತ್ತದೆಂದೂ ಗೊತ್ತಿತ್ತು. ಕಿಟಕಿ ಪಕ್ಕದ ಸಹಿಯ ಕುರ್ಚಿ ಆಗಲೇ ಖಾಲಿಯಾಗಿತ್ತು. ಅಲ್ಲಿದ್ದವನು ಬೇರೆ ಊರಿಗೆ ಹೋಗಿದ್ದ, ಅವನ ಟೀ ಲೋಟದ ಉಂಗುರ ಮೇಜಿನ ಮೇಲೆ ಉಳಿದಿತ್ತು.

"ಎರಡನೇದಾ? ಅದಕ್ಯಾಕೆ ಭಯ?" ಎಂದಳು ಅಕ್ಕ. "ನಂಗೆ ಅವತ್ತು ಮೈ ಹುಷಾರಿರ್ಲಿಲ್ಲ, ಹಾಗಾಗಿ ಎಡವಿದೆ. ನೀನು ಚುರುಕು ಇದೀಯ. ಬರೀತಾ ಹೋಗು, ಬರುತ್ತೆ."

"ಬಿಡ್ಬೇಡ ಅಂತೀರಾ?"

"ಬಿಡ್ಬೇಡ."

ಕುಳ್ಳಿಯ ಮುಖ ಅರಳಿತು. "ನಿಮ್ಮ ಅವಕಾಶ ನಂಗೆ ಬಂತಲ್ಲ, ಹೊಟ್ಟೆಯಲ್ಲಿ ಏನಾದ್ರೂ ಇಟ್ಕೊಂಡಿರ್ತೀರೇನೋ ಅಂತ ಹೆದರಿದ್ದೆ ಅಕ್ಕಾ. ನಿಮ್ ಮನಸ್ಸು ದೊಡ್ಡದು" ಎಂದವಳೇ ಅಕ್ಕನ ಪಾಲಿನ ಬಾಟಲಿಗಳನ್ನೂ ತೊಳೆಯಲು ಬುಟ್ಟಿಯಲ್ಲಿ ಎತ್ತಿಕೊಂಡು ಹೋದಳು. ನಲ್ಲಿಯ ಕಡೆಯಿಂದ ಅವಳ ಗುನುಗು ಕೇಳಿಸಿತು. ಎಣಿಕೆ ತಪ್ಪಿತ್ತು. ಅಕ್ಕ ತಟ್ಟೆಯ ಹಿಂಬದಿಯ ಗುರುತುಗಳನ್ನು ಬಟ್ಟೆಯಿಂದ ಒರೆಸಿ ಮತ್ತೆ ಮೊದಲಿನಿಂದ ಎಣಿಸಲು ಶುರುಮಾಡಿದಳು.