ಬಾಣಲೆ ಹಿಡಿದು ಕೂತವಳು

ಅಮೆರಿಕದ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಕಪ್ಪುಜನರೇ ಹೆಚ್ಚಿರುವ ಎನ್ಸ್ಲೀ ಬಡಾವಣೆಯಲ್ಲಿ ಬೆಳೆದ ಯಾರನ್ನೇ ಕೇಳಿ, ಶಾಲೆಯ ಊಟದ ಮನೆಯಲ್ಲಿ ಮಿಸ್ ವರ್ನೆಲ್ ಕೈಯಿಂದ ಬಡಿಸಿಕೊಂಡು ಉಂಡವರೇ. ಮೂವತ್ತೊಂದು ವರ್ಷ ಅವಳು ಅಲ್ಲಿ ಸೌಟು ಹಿಡಿದಿದ್ದಳು. ತಟ್ಟೆಯಲ್ಲಿ ಸೊಪ್ಪು ಬಿಟ್ಟು ಏಳಲು ನೋಡಿದ ಮಕ್ಕಳನ್ನು ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಅವು ಮತ್ತೆ ಕೂತು ತಿನ್ನುತ್ತಿದ್ದವು. ಭಾನುವಾರ ಬಂತೆಂದರೆ ಬಿಳಿ ಉಡುಪು ತೊಟ್ಟು, ಕೈಗೆ ಬಿಳಿ ಗ್ಲೌಸು ಹಾಕಿಕೊಂಡು ಚರ್ಚಿನ ಬಾಗಿಲಲ್ಲಿ ನಿಂತು ಬಂದವರನ್ನು ಸಾಲಾಗಿ ಕೂರಿಸುವ ಸೇವೆ ಅವಳದು. ಮಕ್ಕಳಾಗಿರಲಿಲ್ಲ. ಗಂಡನ ವಿಷಯ ಅವಳು ಎತ್ತುತ್ತಿರಲಿಲ್ಲ, ಬೇರೆಯವರೂ ಕೇಳುತ್ತಿರಲಿಲ್ಲ.

ಗಂಡ ಹೋಸಿಯಾ ಟಾಲಿವರ್ ಉಕ್ಕಿನ ಕುಲುಮೆಯಲ್ಲಿ ದುಡಿಯುತ್ತಿದ್ದವನು. ಆಗ ಇಬ್ಬರೂ ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಮನೆಯಲ್ಲಿದ್ದರು. ಅವನು ಒಳ್ಳೆಯ ಹಾಡುಗಾರ, ಒಳ್ಳೆಯ ನಗೆಗಾರ. ಕುಲುಮೆ ಮುಚ್ಚಿದ ಮೇಲೆ ಅವನ ಕೈಗಳಿಗೆ ಕೆಲಸವಿಲ್ಲದೆ ಹೋಯಿತು. ಮೊದಲು ಬಾಟಲಿ ಹಿಡಿದವು, ಆಮೇಲೆ ಅವಳ ಮೇಲೆ ಎದ್ದವು. ಎಂಬತ್ನಾಲ್ಕರ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ, ಅವಳು ಚರ್ಚಿಗೆ ಹೊರಟು ನಿಂತಿದ್ದಾಗ, ಯಾವುದೋ ಮಾತಿಗೆ ಅವಳ ಎಡಗೈಯನ್ನು ಬಾಗಿಲಿಗೆ ಒತ್ತಿ ತಿರುವಿದ. ಅವನು ಸಿಗರೇಟಿಗೆಂದು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವಳು ಅವನ ಬಟ್ಟೆ, ಬೂಟು, ಗ್ರಾಮಫೋನಿನ ಹಾಡಿನ ತಟ್ಟೆಗಳು ಎಲ್ಲವನ್ನೂ ಒಂದೇ ಕೈಯಲ್ಲಿ ಎತ್ತೆತ್ತಿ ಅಂಗಳಕ್ಕೆ ಎಸೆದಳು. ಒಲೆಯ ಮೇಲಿದ್ದ ಬೀಡುಕಬ್ಬಿಣದ ಬಾಣಲೆ ತಂದು ತೊಡೆಯ ಮೇಲಿಟ್ಟುಕೊಂಡು, ಮುಂಬಾಗಿಲ ಮೆಟ್ಟಿಲ ಮೇಲೆ ಅದೇ ಬಿಳಿ ಉಡುಪಿನಲ್ಲಿ ಕೂತುಬಿಟ್ಟಳು. ಬಲಗೈಗೆ ಗ್ಲೌಸು ಇತ್ತು. ಎಡಗೈ ಊದಿಕೊಂಡು ಗ್ಲೌಸು ಹಿಡಿಸಲಿಲ್ಲ.

ಹೋಸಿಯಾ ಬಂದು ಬೀದಿಯಲ್ಲಿ ನಿಂತ. ಅಕ್ಕಪಕ್ಕದವರು ಜಗಲಿಗೆ ಬಂದರು.

"ವರ್ನೆಲ್, ಜನ ನೋಡ್ತಿದಾರೆ ಕಣೇ. ಒಳಗೆ ಬಿಡು."

"ನೋಡ್ಲಿ."

"ಹೋಗ್ತೀನಿ, ಆಯ್ತಾ? ಆ ದಪ್ಪ ಕೋಟೊಂದು ಕೊಡು. ಚಳಿ."

ಕೋಟು ಬಾಗಿಲ ಹಿಂದಿನ ಗೂಟದಲ್ಲೇ ಉಳಿದಿತ್ತು, ಎಸೆಯಲು ಮರೆತಿದ್ದಳು. ಎದ್ದು ತಂದುಕೊಡಬಹುದಿತ್ತು. ಆದರೆ ಒಮ್ಮೆ ಎದ್ದರೆ ತನ್ನ ಗಟ್ಟಿತನವೆಲ್ಲ ಕರಗಿಹೋಗುತ್ತದೆ, ಬಾಗಿಲು ತೆಗೆದು ಅವನನ್ನೇ ಒಳಗೆ ಬಿಟ್ಟುಕೊಳ್ಳುತ್ತೇನೆ ಎಂದು ಹೆದರಿ ಕೂತೇ ಇದ್ದಳು. ಅವನು ಮೂರು ಸಲ ಕೇಳಿದ. ಆಮೇಲೆ ಕೈಗೆ ಸಿಕ್ಕ ಬಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದ. ಜನವರಿಯಲ್ಲಿ ಉತ್ತರದ ಗ್ಯಾರಿ ಊರಿನಿಂದ ಫೋನು ಬಂತು. ಬಾಡಿಗೆ ಕೋಣೆಯೊಂದರಲ್ಲಿ ಎದೆಗೆ ಕಫ ಕಟ್ಟಿ ಸತ್ತಿದ್ದ. ಅವಳು ಬಸ್ಸಿನಲ್ಲಿ ಹೋದಳು. ಮಣ್ಣಿಗೆ ನಿಂತವರು ಇಬ್ಬರೇ, ಅವಳು ಮತ್ತು ಆ ಮನೆಯ ಯಜಮಾನಿ. ವಾಪಸು ಬಂದವಳು ತನ್ನ ಬಾಡಿಗೆ ಮನೆ ಬಿಟ್ಟು ಎನ್ಸ್ಲೀಗೆ ಬಂದು ಸೇರಿದಳು.

ಇದನ್ನೆಲ್ಲ ಅವಳು ಜೀವನದಲ್ಲಿ ಒಬ್ಬನಿಗೆ ಮಾತ್ರ ಹೇಳಿದ್ದಳು. ಅವನು ಕ್ಲೀವನ್ ರಕರ್.

ತೊಂಬತ್ತಾರರಲ್ಲಿ ರಕರನಿಗೆ ಇಪ್ಪತ್ನಾಲ್ಕು ವಯಸ್ಸು. ತಾನೇ ಬರೆದ ನಾಟಕ, ಆರು ಜನ ಗೆಳೆಯರು, ಒಂದು ಹಳೇ ವ್ಯಾನು ಕಟ್ಟಿಕೊಂಡು ಚರ್ಚಿನಿಂದ ಚರ್ಚಿಗೆ ತಿರುಗುತ್ತಿದ್ದ. ಎನ್ಸ್ಲೀಯ ಚರ್ಚಿನವರು ನಾಟಕದವರನ್ನು ಮನೆಗೊಬ್ಬರಂತೆ ಹಂಚಿಕೊಂಡಾಗ ಇವನು ವರ್ನೆಲ್ ಪಾಲಿಗೆ ಬಂದ. ನಾಲ್ಕು ದಿನ ಅವಳ ಅಡುಗೆಮನೆಯಲ್ಲಿ ಹಂದಿಯ ಕುತ್ತಿಗೆ ಮೂಳೆಯ ಸಾರು, ಕೊಲಾರ್ಡ್ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು ತಿಂದ. ಕೇಳುವುದನ್ನು ಬಲ್ಲವನು ಅವನು. ನಡುವೆ ಬಾಯಿ ಹಾಕುತ್ತಿರಲಿಲ್ಲ, ಮುಂದೇನಾಯ್ತು ಎಂದು ಅವಸರಪಡಿಸುತ್ತಿರಲಿಲ್ಲ. ಹನ್ನೆರಡು ವರ್ಷ ಒಳಗೇ ಇಟ್ಟುಕೊಂಡಿದ್ದದ್ದು ಮೂರನೇ ದಿನ ಮಧ್ಯಾಹ್ನ ಅವಳ ಬಾಯಿಂದ ತಾನಾಗಿ ಹೊರಬಂತು. ಗ್ಯಾರಿಯ ಮಣ್ಣಿನವರೆಗೂ ಹೇಳಿದಳು. ಅವನು ಅತ್ತ. ಅವಳು ಅವನ ತಲೆ ಸವರಿದಳು.

ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ಕ್ಲೀವನ್ ರಕರ್ ದೊಡ್ಡ ಸಿನಿಮಾ ನಿರ್ದೇಶಕನಾಗಿದ್ದ. ಅವನ ಹೊಸ ಸಿನಿಮಾಕ್ಕೆ ಚರ್ಚಿನಿಂದ ಎರಡು ಬಸ್ಸು ಹೊರಟವು. ವರ್ನೆಲ್ ಪಕ್ಕದಲ್ಲಿ, ಚರ್ಚಿನಲ್ಲಿ ಕೂರುವ ಹಾಗೆಯೇ, ಗೆಳತಿ ಓಜೆಲ್ಲಾ ಪ್ರೂಯಿಟ್ ಕೂತಿದ್ದಳು. ಅರ್ಧ ಸಿನಿಮಾ ಆದ ಮೇಲೆ ಪರದೆಯ ಮೇಲೆ ಒಬ್ಬ ಹೆಂಗಸು ಬಿಳಿ ಉಡುಪಿನಲ್ಲಿ, ಎರಡೂ ಕೈಗೆ ಬಿಳಿ ಗ್ಲೌಸು ಹಾಕಿಕೊಂಡು, ಬಾಣಲೆ ಹಿಡಿದು ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ನಿಂತ ಗಂಡ ಹಾಡಿನ ತಟ್ಟೆ ತುಳಿದು ಜಾರಿ ಬಿದ್ದ. "ಕೋಟು ಕೊಡೇ, ಚಳಿ" ಎಂದ. ಅವಳು ಕೋಟನ್ನು ತಂದು ನಾಯಿ ತೊಳೆಯುವ ತೊಟ್ಟಿಗೆ ಅದ್ದಿ, ಹಿಂಡಿ, ಅವನ ಮುಖಕ್ಕೆ ಎಸೆದಳು. ಥಿಯೇಟರು ಬಿದ್ದುಹೋಗುವ ಹಾಗೆ ಜನ ನಕ್ಕರು. ಓಜೆಲ್ಲಾ ನಕ್ಕು ನಕ್ಕು ವರ್ನೆಲ್ ತೊಡೆಗೆ ಹೊಡೆದಳು. ವರ್ನೆಲ್ ಕೂಡ ನಕ್ಕಳು, ನಗದೆ ಇದ್ದರೆ ಏನೆಂದು ಕೇಳುತ್ತಾರಲ್ಲ. ಕೊನೆಗೆ ಆ ಹೆಂಗಸಿಗೆ ಒಬ್ಬ ಸುಂದರನಾದ ಬಸ್ ಡ್ರೈವರ್ ಸಿಕ್ಕಿ ಮದುವೆಯಾಯಿತು. ಗ್ಯಾರಿ ಎಲ್ಲೂ ಬರಲಿಲ್ಲ.

ಆ ಹೆಂಗಸು ಮನೆಮಾತಾದಳು. ಬಾಣಲೆಯ ಚಿತ್ರವಿರುವ ಟೀ ಶರ್ಟುಗಳು ಬಂದವು. ಶಾಲೆಯಲ್ಲಿ ಹುಡುಗಿಯರು ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಆಟ ಆಡುತ್ತಿದ್ದರು. ವರ್ನೆಲ್ ಅವರಿಗೆ ಬಡಿಸುತ್ತಿದ್ದಳು. ಓಜೆಲ್ಲಾಗೆ ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದದ್ದುಂಟು. ಹೇಳಿದರೆ ಕೋಟಿನ ಮಾತೂ ಬರಬೇಕಲ್ಲ ಎಂದು ಮುಚ್ಚಿಕೊಂಡಳು.

ಹೀಗೇ ಹದಿನಾಲ್ಕು ವರ್ಷ ಹೋಯಿತು. ವರ್ನೆಲ್ ಕೆಲಸದಿಂದ ನಿವೃತ್ತಳಾಗಿದ್ದಳು. ಆ ಹೊತ್ತಿಗೆ ರಕರ್ ಎನ್ಸ್ಲೀಯ ಪಾಳುಬಿದ್ದ ಹಳೇ ಥಿಯೇಟರನ್ನು ಕೊಂಡು ರಿಪೇರಿ ಮಾಡಿಸಿದ್ದ. ಒಂದು ಬೀದಿಗೆ ಅವನ ಹೆಸರಿಡಬೇಕೆಂದು ಕೆಲವರು, ಬೇಡವೆಂದು ಕೆಲವರು. ಬಡಾವಣೆಯ ಲೈಬ್ರರಿಯಲ್ಲಿ ಒಂದು ಗುರುವಾರ ಸಂಜೆ ಚರ್ಚೆ ಇಟ್ಟರು. ಓಜೆಲ್ಲಾಳ ಕಾರಿನಲ್ಲಿ ವರ್ನೆಲ್ ಕೂಡ ಹೋದಳು. ಬೇಡ ಎನ್ನುವವರ ಪರವಾಗಿ ಬಂದವಳು ಡಾಕ್ಟರ್ ಇಮಾನಿ ವಿಟ್ಲೋ, ಕಾಲೇಜಿನಲ್ಲಿ ಪಾಠ ಹೇಳುವವಳು, ಇದೇ ಬಡಾವಣೆಯ ಮಗಳು. ಅವಳೂ ಒಂದು ಕಾಲಕ್ಕೆ ವರ್ನೆಲ್ ಕೈಯಿಂದ ಬಡಿಸಿಕೊಂಡವಳೇ.

ಇಮಾನಿ ಎದ್ದು ನಿಂತು ಹೇಳಿದಳು: "ನೂರು ವರ್ಷ ಬಿಳಿಯರ ಸಿನಿಮಾದಲ್ಲಿ ನಾವು ಒಂದೋ ಪೆದ್ದರು, ಇಲ್ಲಾ ಜಗಳಗಂಟಿಯರು. ಈಗ ನಮ್ಮೋನೇ ಒಬ್ಬ ಅದನ್ನೇ ಮಾಡಿ ನಮಗೇ ಮಾರ್ತಿದಾನೆ. ಅವನ ಸಿನಿಮಾದಲ್ಲಿ ಓದಿದ ಹೆಂಗಸು ಸೊಕ್ಕಿನೋಳು, ಕಪ್ಪಗಿರೋಳು ಗಯ್ಯಾಳಿ. ಆ ಬಾಣಲೆಯೋಳನ್ನೇ ತಗೊಳ್ಳಿ. ಬಿಳಿ ಗ್ಲೌಸು ಹಾಕ್ಕೊಂಡು ಬಾಣಲೆ ಹಿಡಿದು ಬೀದಿಗೆ ಕಾಣೋ ಹಾಗೆ ಕೂತ ಹೆಂಗಸನ್ನ ನಿಮ್ಮಲ್ಲಿ ಯಾರಾದ್ರೂ ನೋಡಿದೀರಾ? ಅಂಥೋಳು ಎಲ್ಲೂ ಇಲ್ಲ. ನಮ್ಮನ್ನ ನೋಡಿ ನಗೋರಿಗೋಸ್ಕರ ಮಾಡಿದ ಗೊಂಬೆ ಅದು."

ಓಜೆಲ್ಲಾ ಕೂತಲ್ಲಿಂದಲೇ ಶುರು ಮಾಡಿದಳು. "ನೋಡಮ್ಮ ಡಾಕ್ಟ್ರೇ, ನಿನ್ನ ಡೈಪರ್ ಬದಲಾಯಿಸಿದೋಳು ನಾನು, ಬೇಜಾರು ಮಾಡ್ಕೋಬೇಡ. ಅವನು ಬರೋ ಮುಂಚೆ ನನ್ನಂಥೋಳಿಗೋಸ್ಕರ ಯಾವನು ಸಿನಿಮಾ ಮಾಡಿದ್ದ? ಅವನ ಸಿನಿಮಾದಲ್ಲಿ ನನ್ನ ಚರ್ಚು ಕಾಣತ್ತೆ, ನನ್ನ ಅತ್ತೆ ಕಾಣ್ತಾಳೆ. ನಮ್ಮ ಹುಡುಗರಿಗೆ ಕೆಲಸ ಕೊಟ್ಟಿದಾನೆ. ವಾರವೆಲ್ಲ ದುಡಿದು ಬಂದು ಒಂದೆರಡು ಗಂಟೆ ನಕ್ಕರೆ ಅದಕ್ಕೂ ನಿನ್ನ ಹತ್ರ ಪರ್ಮಿಷನ್ ತಗೋಬೇಕಾ?"

"ನಗೋದು ತಪ್ಪಲ್ಲ, ಮಿಸ್ ಓಜೆಲ್ಲಾ. ಯಾರನ್ನ ನೋಡಿ ನಗ್ತಿದೀವಿ ಅನ್ನೋದು ಪ್ರಶ್ನೆ."

"ನಮ್ಮನ್ನ ನೋಡಿ ನಾವು ನಗ್ತೀವಿ. ಬಿಳಿಯರು ಬಾಗಿಲ ಸಂದಿಯಿಂದ ನೋಡಿದ್ರೆ ನಾನೇನ್ಮಾಡ್ಲಿ?"

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಇಮಾನಿಯೂ ನಕ್ಕಳು. ಆ ಗದ್ದಲದಲ್ಲಿ ವರ್ನೆಲ್ ಎದ್ದು ನಿಂತದ್ದು ತುಸು ಹೊತ್ತು ಯಾರಿಗೂ ಕಾಣಲಿಲ್ಲ. ಎಲ್ಲೂ ಇಲ್ಲ ಎಂದ ಇಮಾನಿಯ ಮಾತು ಅವಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

"ಅವಳು ಇದಾಳೆ," ಎಂದಳು. "ನಾನೇ ಅವಳು."

ಮತ್ತೆ ಜನ ನಕ್ಕರು. ಮಿಸ್ ವರ್ನೆಲ್ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡರು. ನಗು ತಾನಾಗಿ ಇಳಿಯುವವರೆಗೆ ಅವಳು ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಸಿನಿಮಾದಲ್ಲಿ ಎರಡು ಗ್ಲೌಸು. ನನಗೆ ಒಂದೇ ಇತ್ತು, ಇನ್ನೊಂದು ಕೈ ಹೋಸಿಯಾ ತಿರುವಿದ್ದ. ಅವನು ಕೋಟು ಕೇಳಿದ್ದು ನಿಜ. ನಾನು ನೀರಿಗೆ ಅದ್ದಲಿಲ್ಲ. ಕೊಡಲೇ ಇಲ್ಲ. ಜನವರಿಯಲ್ಲಿ ಎದೆ ಕಟ್ಟಿ ಸತ್ತ. ಇದನ್ನೆಲ್ಲ ಕ್ಲೀವನ್‌ಗೆ ಹೇಳಿದ್ದೆ. ನನ್ನ ಅಡುಗೆಮನೇಲಿ ಕೂತು ಕೇಳಿದ್ದ." ಅಷ್ಟು ಹೇಳಿ ಕೂತಳು.

ಮೊದಲು ಮಾತಾಡಿದವನು ಹಿಂದಿನ ಸಾಲಿನ ಒಬ್ಬ ಗಂಡಸು. "ನೋಡಿದ್ರಾ, ನಿಜವಾದ ಕಥೆ. ಗೊಂಬೆ ಅಂತೆ ಗೊಂಬೆ." ಅದಕ್ಕೆ ಇಮಾನಿಯ ಕಡೆಯ ಹುಡುಗಿಯೊಬ್ಬಳು, "ನಿಜ ಅಲ್ಲ, ಕದ್ದ ಕಥೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?" ಎಂದಳು. ಚರ್ಚೆ ಮತ್ತೆ ಹೊತ್ತಿಕೊಂಡಿತು. ಎರಡೂ ಕಡೆಯವರು ಅವಳ ಹೆಸರು ಹಿಡಿದೇ ಜಗಳವಾಡಿದರು. ಅವಳನ್ನು ಮಾತ್ರ ಯಾರೂ ಮತ್ತೇನೂ ಕೇಳಲಿಲ್ಲ. ಹೊರಗೆ ಬರುವಾಗ ಇಬ್ಬರು ಹುಡುಗಿಯರು ಅವಳ ಜೊತೆ ಫೋಟೋ ತೆಗೆಸಿಕೊಂಡರು. ಒಬ್ಬಳು ಬಾಣಲೆ ಹಿಡಿದ ಹಾಗೆ ಕೈ ಮಾಡಿದಳು.

ಓಜೆಲ್ಲಾ ಕಾರಿನ ಹತ್ತಿರ ಬೀಗದ ಕೈ ಹಿಡಿದು ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಮೂವತ್ತು ವರ್ಷ ನಿನ್ನ ಪಕ್ಕ ಕೂತಿದೀನಿ ವರ್ನೆಲ್. ನನ್ನ ಗರ್ಭ ಹೋದದ್ದು ನಿನಗೆ ಹೇಳಿದೆ, ನನ್ನ ಅಣ್ಣ ಜೈಲಿಗೆ ಹೋದದ್ದು ಹೇಳಿದೆ. ನೀನು ವ್ಯಾನಲ್ಲಿ ಬಂದ ಹುಡುಗನಿಗೆ ಹೇಳಿದೆ, ನನಗೆ ಹೇಳಲಿಲ್ಲ."

"ಅವನು ಹೊರಟುಹೋಗೋನು, ಓಜಿ. ಅದಕ್ಕೇ ಹೇಳಿದೆ."

"ಆ ಸಿನಿಮಾ ನೋಡ್ತಾ ನಾನು ನಿನ್ನ ತೊಡೆಗೆ ಹೊಡೀತಾ ನಕ್ಕೆ. ನೀನು ಸುಮ್ಮನೆ ನನ್ನನ್ನ ನಗೋಕೆ ಬಿಟ್ಟೆ. ನನ್ನನ್ನ ಏನು ಮಾಡಿಬಿಟ್ಟೆ ನೋಡು."

ವರ್ನೆಲ್ ಆ ದಿನ ಬಸ್ಸಿನಲ್ಲಿ ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಏಳೂವರೆಗೆ ಓಜೆಲ್ಲಾ ಫೋನು ಬರಲಿಲ್ಲ. ಮೂವತ್ತು ವರ್ಷ ದಿನಾ ಬರುತ್ತಿದ್ದ ಫೋನು. ವಾರ ಕಳೆದರೂ ಬರಲಿಲ್ಲ. ವರ್ನೆಲ್ ತಾನೇ ಎರಡು ಸಲ ಮಾಡಿದಳು. ಗಂಟೆ ಬಡಿದು ಬಡಿದು ನಿಂತಿತು. ಭಾನುವಾರ ಚರ್ಚಿನಲ್ಲಿ ಓಜೆಲ್ಲಾ ಎರಡು ಸಾಲು ಹಿಂದೆ ಹೋಗಿ ಕೂತಿದ್ದಳು. ವರ್ನೆಲ್ ಪಕ್ಕದ ಜಾಗ ತುಂಬಲು ಯಾರೂ ಬರಲಿಲ್ಲ. ಅಲ್ಲಿ ಕೂರುವವರು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಮೂರನೇ ವಾರ ಇಮಾನಿ ಬಂದಳು. ಅಂಗಡಿಯ ಕೇಕು ತಂದಿದ್ದಳು. ಚೀಲದಿಂದ ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟಳು. ವರ್ನೆಲ್ ಅದನ್ನು ಪಕ್ಕಕ್ಕೆ ಸರಿಸಿ, ಅವಳ ಮುಂದೆ ಅಲಸಂದೆ ಕಾಯಿಯ ಬುಟ್ಟಿ ಇಟ್ಟಳು. "ಬಿಡಿಸು. ಕೈ ಸುಮ್ಮನಿದ್ರೆ ಮಾತು ಸರಿಯಾಗಿ ಬರಲ್ಲ."

ಇಮಾನಿ ಕಾಯಿ ಬಿಡಿಸತೊಡಗಿದಳು. "ಎಲ್ಲೂ ಇಲ್ಲ ಅಂದುಬಿಟ್ಟೆ. ತಪ್ಪಾಯ್ತು, ಮಿಸ್ ವರ್ನೆಲ್," ಎಂದಳು.

"ನೀನು ಅರ್ಧ ಸರಿ. ಆ ಸಿನಿಮಾದೋಳು ಎಲ್ಲೂ ಇಲ್ಲ. ಆದ್ರೆ ನೀನು ಅವಳನ್ನ ಓಡಿಸೋ ಭರದಲ್ಲಿ ನನ್ನನ್ನೂ ಆಚೆ ಹಾಕಿದೆ. ನಾನು ಕಪ್ಪಗಿದೀನಿ, ಗಯ್ಯಾಳಿತನಾನೂ ಮಾಡಿದೀನಿ, ಬೀದಿಗೆ ಕಾಣೋ ಹಾಗೆ ಕೂತಿದೀನಿ. ನನ್ನಂಥೋಳು ಕಾಣಬಾರದು ಅಂದ್ರೆ ಹೇಗೆ?"

"ಹಾಗಾದ್ರೆ ಅವನು ಮಾಡಿದ್ದು ಸರಿಯಾ?"

ವರ್ನೆಲ್ ಒಂದು ಕಾಯಿಯ ನಾರು ತೆಗೆಯುತ್ತ ಯೋಚಿಸಿದಳು. "ನಗಿಸಬಾರದಿತ್ತು ಅನ್ನಲ್ಲ. ಅವತ್ತು ಪಕ್ಕದ ಮನೆಯೋರೂ ನಕ್ಕಿದ್ರು. ಹೋಸಿಯಾ ಇದ್ದಿದ್ರೆ, ಕುಡಿಯದೇ ಇದ್ದಾಗ, ಅವನೂ ನಗ್ತಿದ್ದ. ನಗು ಆದಮೇಲೆ ಸ್ವಲ್ಪ ಹೊತ್ತು ಕ್ಯಾಮೆರಾ ಅಲ್ಲೇ ಇಡಬೇಕಿತ್ತು. ಅವನು ಹೋದಮೇಲೆ ನಾನು ಕತ್ತಲಾಗೋ ತನಕ ಆ ಮೆಟ್ಟಿಲ ಮೇಲೆ ಕೂತಿದ್ದೆ. ಅದನ್ನ ಯಾರೂ ನೋಡಲಿಲ್ಲ. ನಾನು ಹೇಳಿದಾಗ ಕ್ಲೀವನ್ ಅದನ್ನ ನೋಡಿದಾನೆ ಅಂದ್ಕೊಂಡಿದ್ದೆ."

"ಅವನಿಗೆ ಬರೀರಿ. ನಾನು ಸಹಾಯ ಮಾಡ್ತೀನಿ."

"ಬರೆದ್ರೆ ಅವನ ಆಫೀಸಿನೋರು ಒಂದು ಫೋಟೋಗೆ ಸಹಿ ಹಾಕಿ ಕಳಿಸ್ತಾರೆ. ಬೇಡ ಮಗಳೇ." ಆಮೇಲೆ ಕೇಳಿದಳು, "ನೀನು ಇದನ್ನ ಬರೆದು ಯಾವುದಾದ್ರೂ ಪತ್ರಿಕೇಲಿ ಹಾಕ್ತೀಯಾ?"

"ನೀವು ಬೇಡ ಅಂದ್ರೆ ಇಲ್ಲ."

"ಬೇಡ."

ಇಮಾನಿ ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡಳು. ಬುಟ್ಟಿ ಖಾಲಿಯಾಗುವವರೆಗೆ ಕೂತು ಬಿಡಿಸಿದಳು. ಹೋಗುವಾಗ ಮತ್ತೆ ಬರುತ್ತೇನೆಂದಳು, ಎರಡು ಸಲ ಬಂದಳು ಕೂಡ. ಆಮೇಲೆ ಅವಳಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತು.

ಬೀದಿಗೆ ರಕರನ ಹೆಸರೇ ಬಂತು. ಫಲಕ ಅನಾವರಣ ಮಾಡುವ ದಿನ ಅವನು ಬಂದಿದ್ದನಂತೆ, ಎನ್ಸ್ಲೀಯ ಅಮ್ಮಂದಿರು ತನಗೆ ಅನ್ನ ಹಾಕಿದರು ಎಂದು ಹೇಳಿ ಕಣ್ಣೊರೆಸಿಕೊಂಡನಂತೆ. ವರ್ನೆಲ್ ಹೋಗಿರಲಿಲ್ಲ.

ಆ ವರ್ಷದ ಕೊನೆಗೆ ಅವನ ಮತ್ತೊಂದು ಸಿನಿಮಾ ಬಂತು. ಚರ್ಚಿನ ಬಸ್ಸು ಶನಿವಾರ ಹೋಗಿಬಂತು. ವರ್ನೆಲ್ ಮಂಗಳವಾರ ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋದಳು. ಒಳಗೆ ಐದಾರು ಜನ, ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ. ಮದುವೆಮನೆಯೊಂದರ ಪ್ರಸಂಗದಲ್ಲಿ ಒಬ್ಬ ಮುದುಕ ಹಲ್ಲುಸೆಟ್ಟನ್ನು ಕೇಕಿನೊಳಗೆ ಬೀಳಿಸಿಕೊಂಡು ಹುಡುಕತೊಡಗಿದಾಗ ಅವಳಿಗೆ ತಡೆಯಲಾಗದೆ ನಗು ಬಂತು, ಜೋರಾಗಿಯೇ ಬಂತು. ಖಾಲಿ ಥಿಯೇಟರಿನಲ್ಲಿ ತನ್ನ ನಗು ತನಗೇ ಕೇಳಿಸಿತು. ಅಭ್ಯಾಸದಿಂದ ಪಕ್ಕಕ್ಕೆ ತಿರುಗಿದಳು. ಪಕ್ಕದ ಕುರ್ಚಿ ಮಡಚಿಕೊಂಡಿತ್ತು. ಮತ್ತೆ ಪರದೆಯ ಕಡೆ ನೋಡಿದಳು. ಸಿನಿಮಾ ಮುಗಿದು, ಕೆಲಸ ಮಾಡಿದವರ ಹೆಸರುಗಳೆಲ್ಲ ಮೇಲೆ ಸರಿದು ಹೋಗುವವರೆಗೂ ಕೂತಿದ್ದು, ದೀಪ ಹತ್ತಿದ ಮೇಲೆ ಎದ್ದಳು.